ಲಾಂಚ್ ಆದಮೇಲೆ ಏನಾಗುತ್ತೆ? ಪ್ರೋಗ್ರಾಂ ಮ್ಯಾನೇಜರ್ ಕೆಲಸ ಬಿಟ್ಟು ಡಿಜಿಟಲ್ ಮಾರ್ಕೆಟಿಂಗ್‌ಗೆ ಬಂದ ಕಥೆ

ಪ್ರೋಗ್ರಾಂ ಮ್ಯಾನೇಜರ್ ಅಂದರೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಾನು ತಡವರಿಸುತ್ತಿದ್ದೆ. ಕೋಡ್ ಬರೆಯುವವರು ಬೇರೆ, ಟೆಸ್ಟ್ ಮಾಡುವವರು ಬೇರೆ, ಡಿಸೈನ್ ಮಾಡುವವರು ಬೇರೆ. ಅವರೆಲ್ಲರ ಕೆಲಸ ಒಂದೇ ತಾರೀಖಿಗೆ ಬಂದು ಕೂಡುವ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನದು. ಯಾರು ಯಾರಿಗಾಗಿ ಕಾಯುತ್ತಿದ್ದಾರೆ, ಎಲ್ಲಿ ತಡವಾಗುತ್ತಿದೆ, ತಡವಾದರೆ ಯಾರ ಕಿವಿಗೆ ಹಾಕಬೇಕು, ಇದೆಲ್ಲ ಒಂದು ದೊಡ್ಡ ಶೀಟಿನಲ್ಲಿ ಇರುತ್ತಿತ್ತು. ವಾರಕ್ಕೊಂದು ಸ್ಟೇಟಸ್ ರಿಪೋರ್ಟ್. ಹಸಿರು, ಹಳದಿ, ಕೆಂಪು.

ಆ ರಿಪೋರ್ಟಿನ ತಳದಲ್ಲಿ ಮಾರ್ಕೆಟಿಂಗ್ ಅಂತ ಒಂದು ಸಾಲು ಇರುತ್ತಿತ್ತು. ಅದು ಯಾವಾಗಲೂ ಹಸಿರು. ಒಳಗೆ ಏನು ನಡೀತಿದೆ ಅಂತ ನಾನೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಲಾಂಚ್ ದಿನ ಬಂತು ಅಂದರೆ ನನ್ನ ಕೆಲಸ ಮುಗಿಯಿತು. ಎಲ್ಲರಿಗೂ ಥ್ಯಾಂಕ್ಸ್ ಮೇಲ್ ಹಾಕಿ ಮುಂದಿನ ಪ್ರೋಗ್ರಾಂನ ಶೀಟ್ ತೆರೆಯುತ್ತಿದ್ದೆ. ಮಾರ್ಕೆಟಿಂಗ್‌ನವರಿಗೆ ಕೆಲಸ ಶುರುವಾಗುತ್ತಿದ್ದದ್ದೇ ಅವತ್ತು.

ಒಂದು ಸಲ, ನಾವೆಲ್ಲ ರಾತ್ರಿ ಹಗಲು ಒದ್ದಾಡಿ ಸರಿಯಾದ ದಿನಕ್ಕೆ ಬಿಡುಗಡೆ ಮಾಡಿದ ಒಂದು ಫೀಚರನ್ನು ಹೆಚ್ಚುಕಡಿಮೆ ಯಾರೂ ಬಳಸುತ್ತಿಲ್ಲ ಅನ್ನುವುದು ಬೇರೆ ಯಾವುದೋ ಮೀಟಿಂಗಿನಲ್ಲಿ ಕಿವಿಗೆ ಬಿತ್ತು. ನಮ್ಮ ಲೆಕ್ಕದಲ್ಲಿ ಆ ಪ್ರೋಗ್ರಾಂ ಸಕ್ಸಸ್. ಟೈಮಿಗೆ ಆಯಿತು, ಬಜೆಟ್ ಒಳಗೇ ಆಯಿತು. ಜನರಿಗೆ ಅದು ತಲುಪಿತೇ, ತಲುಪಿದ್ದರೆ ಯಾಕೆ ಬೇಡ ಅಂದರು, ಇದನ್ನು ಕೇಳುವುದು ನನ್ನ ಕೆಲಸದ ವ್ಯಾಪ್ತಿಯಲ್ಲೇ ಇರಲಿಲ್ಲ. ಅವತ್ತಿನಿಂದ ಆ ಹಸಿರು ಸಾಲಿನೊಳಗೆ ಇಣುಕಬೇಕು ಅನ್ನಿಸಲು ಶುರುವಾಯಿತು.

ಇಣುಕಲು ದಾರಿ ಮಾಡಿಕೊಟ್ಟದ್ದು ಗೂಗಲ್. 2022ರ ಮಾರ್ಚ್‌ನಲ್ಲಿ ಅವರು ಒಂದು ಪ್ರಕಟಣೆ ಹೊರಡಿಸಿದರು. ವರ್ಷಗಳಿಂದ ಎಲ್ಲರೂ ಬಳಸುತ್ತಿದ್ದ ಯೂನಿವರ್ಸಲ್ ಅನಲಿಟಿಕ್ಸ್ (ಸೈಟಿಗೆ ಎಷ್ಟು ಜನ ಬಂದರು, ಏನು ಮಾಡಿದರು ಅಂತ ಎಣಿಸುವ ಗೂಗಲ್ ಟೂಲ್) 2023ರ ಜುಲೈ 1ರಿಂದ ಹೊಸ ಡೇಟಾ ತೆಗೆದುಕೊಳ್ಳುವುದಿಲ್ಲ, ಎಲ್ಲರೂ ಅದರ ಹೊಸ ರೂಪವಾದ ಗೂಗಲ್ ಅನಲಿಟಿಕ್ಸ್ 4ಕ್ಕೆ, ಅಂದರೆ ಜಿಎ4ಗೆ ಹೋಗಬೇಕು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದಿನ ಹತ್ತಿರವಾದ ಹಾಗೆ ನಮ್ಮ ಮಾರ್ಕೆಟಿಂಗ್ ತಂಡದಲ್ಲಿ ಗಾಬರಿ ಹತ್ತಿತು. ಮೀಟಿಂಗಿನಲ್ಲಿ ತಂಡದ ಮುಖ್ಯಸ್ಥೆ ಕೇಳಿದರು, "ಇದನ್ನ ಯಾರು ನೋಡ್ಕೊಳ್ತೀರಿ?" ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಾ ಕೂತರು. ನಾನು ಹೇಳಿದೆ, "ನಾನು ನೋಡ್ಕೊಳ್ತೀನಿ ಮೇಡಂ. ಆದ್ರೆ ಟ್ಯಾಗ್ ಹಾಕೋದು ನನಗೂ ಕಲಿಸ್ಬೇಕು, ಬರೀ ಫಾಲೋಅಪ್ ಮಾಡೋಕೆ ಬರಲ್ಲ." ಅವರು ಒಂದು ಕ್ಷಣ ವಿಚಿತ್ರವಾಗಿ ನೋಡಿ ಆಯ್ತು ಅಂದರು. ಟ್ಯಾಗ್ ಅಂದರೆ ಜನ ಸೈಟಿನಲ್ಲಿ ಏನು ಮಾಡಿದರು ಅಂತ ಅನಲಿಟಿಕ್ಸ್‌ಗೆ ತಿಳಿಸುವ ಪುಟ್ಟ ಕೋಡ್.

ಕೆಲಸ ಬದಲಿಸಬೇಕು ಅಂತ ಯೋಚಿಸುತ್ತಿರುವವರಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ. ರಾಜೀನಾಮೆ ಕೊಟ್ಟು, ಕೋರ್ಸ್ ಮಾಡಿ, ಆಮೇಲೆ ಹೊಸ ಕೆಲಸ ಹುಡುಕುವುದಕ್ಕಿಂತ ಈಗಿರುವ ಜಾಗದಲ್ಲೇ, ನಿಮಗೆ ಬರುವ ಕೆಲಸದ ವೇಷದಲ್ಲಿ ಆ ಕಡೆ ಹೋಗುವ ಸಂದು ಸಿಗುತ್ತದೆಯೇ ನೋಡಿ. ಜಿಎ4 ಬದಲಾವಣೆ ಹೊರಗಿನಿಂದ ನೋಡಿದರೆ ಶುದ್ಧ ಪ್ರೋಗ್ರಾಂ ಮ್ಯಾನೇಜ್‌ಮೆಂಟ್. ಗಡುವು ಇದೆ, ನಾಲ್ಕಾರು ತಂಡಗಳಿವೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಟ್ಟಿಕೊಂಡಿದೆ. ಒಳಗೆ ಹೋದರೆ ಮಾರ್ಕೆಟಿಂಗ್‌ನ ಅಡಿಪಾಯವೇ ಅಲ್ಲಿದೆ. ಯಾವುದನ್ನು ಎಣಿಸಬೇಕು, ಯಾಕೆ ಎಣಿಸಬೇಕು ಅನ್ನುವುದು.

ಹಳೆಯ ವ್ಯವಸ್ಥೆಯಲ್ಲಿ ಸೆಶನ್ (ಒಬ್ಬರ ಒಂದು ಭೇಟಿ) ಮತ್ತು ಪೇಜ್‌ವ್ಯೂ (ಒಂದು ಪುಟ ತೆರೆದದ್ದು) ಮುಖ್ಯವಾಗಿದ್ದವು. ಜಿಎ4ನಲ್ಲಿ ಎಲ್ಲವೂ ಈವೆಂಟ್. ಪೇಜ್ ತೆರೆದರೂ ಈವೆಂಟ್, ಬಟನ್ ಒತ್ತಿದರೂ ಈವೆಂಟ್, ಕೆಳಗಿನವರೆಗೆ ಸ್ಕ್ರೋಲ್ ಮಾಡಿದರೂ ಈವೆಂಟ್. ಹಾಗಾಗಿ ಹಳೆಯ ಪಟ್ಟಿಯನ್ನು ಎತ್ತಿ ಇಲ್ಲಿ ಇಡಲು ಆಗುತ್ತಿರಲಿಲ್ಲ. ಸೈಟಿನಲ್ಲಿ ಜನ ಮಾಡುವ ಯಾವ ಕೆಲಸ ನಮಗೆ ಬೇಕಾದದ್ದು ಅಂತ ಮೊದಲಿನಿಂದ ಕೂತು ಮಾತಾಡಬೇಕಾಯಿತು. ಹಳೆಯ ಖಾತೆಯಲ್ಲಿ ಗೋಲ್ ಅಂತ ಪಟ್ಟಿ ಮಾಡಿಟ್ಟಿದ್ದ ಎಷ್ಟೋ ವಿಷಯಗಳನ್ನು ಯಾಕೆ ಎಣಿಸುತ್ತಿದ್ದೇವೆ ಅಂತ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಕಿದವರು ಕೆಲಸ ಬಿಟ್ಟು ಹೋಗಿದ್ದರು. ಗೋಲ್ ಮಾತ್ರ ಉಳಿದಿತ್ತು.

ಟ್ಯಾಗ್ ಮ್ಯಾನೇಜರ್‌ನಲ್ಲಿ, ಟ್ಯಾಗ್ ಯಾವಾಗ ಓಡಬೇಕು ಅನ್ನುವ ಟ್ರಿಗರ್ ಬರೆದು, ಪ್ರಿವ್ಯೂ ಹಾಕಿ, ಇನ್ನೊಂದು ಕಿಟಕಿಯಲ್ಲಿ ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದೆ. ಈವೆಂಟ್‌ಗಳನ್ನು ಆಗಿಂದಾಗಲೇ ತೋರಿಸುವ ಡೀಬಗ್‌ವ್ಯೂನಲ್ಲಿ ನನ್ನ ಈವೆಂಟ್ ಕಾಣಿಸಿತು. ಸಣ್ಣ ವಿಷಯ. ಆದರೆ ಬಹಳ ವರ್ಷಗಳ ನಂತರ ನಾನೇ ಕೈಯಾರೆ ಮಾಡಿದ ಒಂದು ವಸ್ತು ಕೆಲಸ ಮಾಡುತ್ತಿತ್ತು. ಬೇರೆಯವರಿಂದ ಕೆಲಸ ಮಾಡಿಸುವುದೇ ವೃತ್ತಿಯಾದವರಿಗೆ ಆ ಖುಷಿ ಏನು ಅಂತ ಗೊತ್ತಾಗುತ್ತೆ.

ತಮಾಷೆ ಆಮೇಲೆ ಶುರುವಾಯಿತು. ಬೌನ್ಸ್ ರೇಟ್, ಅಂದರೆ ಬಂದು ಹಾಗೇ ಹೊರಟುಹೋದವರ ಪ್ರಮಾಣ, ದಿಢೀರನೆ ಇಳಿಯಿತು. ಮೇಲಿನವರೊಬ್ಬರು ಖುಷಿಯಿಂದ "ಸೈಟ್ ಇಷ್ಟು ಬೇಗ ಸುಧಾರಿಸ್ತಾ?" ಅಂದರು. ಸುಧಾರಿಸಿರಲಿಲ್ಲ. ಅಳತೆಯೇ ಬದಲಾಗಿತ್ತು. ಹಳೆಯ ಲೆಕ್ಕದಲ್ಲಿ ಒಬ್ಬರು ಒಂದೇ ಪೇಜ್ ತೆರೆದು ಬೇರೇನೂ ಒತ್ತದೆ ಹೋದರೆ ಬೌನ್ಸ್, ಅವರು ಅದನ್ನು ಅರ್ಧ ಗಂಟೆ ಕೂತು ಓದಿದ್ದರೂ ಸರಿ. ಜಿಎ4ನಲ್ಲಿ 10 ಸೆಕೆಂಡಿಗಿಂತ ಜಾಸ್ತಿ ಇದ್ದರೆ, ಇಲ್ಲವೇ ಎರಡು ಪೇಜ್ ನೋಡಿದರೆ, ಇಲ್ಲವೇ ನಾವು ಮುಖ್ಯ ಅಂತ ಗುರುತಿಸಿದ ಕೆಲಸ ಮಾಡಿದರೆ ಅದು ಎಂಗೇಜ್ ಆದ ಸೆಶನ್. ಉಳಿದದ್ದು ಬೌನ್ಸ್. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗೇ ಇಲ್ಲ. ಒಳ್ಳೆಯದಾಗಿ ಕಾಣುವ ಸಂಖ್ಯೆಯನ್ನು ಒಳ್ಳೆಯದಲ್ಲ ಅಂತ ವಿವರಿಸುವುದು ಎಷ್ಟು ಕಷ್ಟ ಅನ್ನುವುದು ಅವತ್ತು ಗೊತ್ತಾಯಿತು. ಕೆಟ್ಟ ಸುದ್ದಿ ಹೇಳುವುದು ಪ್ರೋಗ್ರಾಂ ಮ್ಯಾನೇಜರ್‌ಗೆ ಅಭ್ಯಾಸ. ಸುಳ್ಳು ಒಳ್ಳೆಯ ಸುದ್ದಿಯನ್ನು ವಾಪಸ್ ತೆಗೆದುಕೊಳ್ಳುವುದು ಹೊಸದು.

ಇನ್ನೊಂದು ಸಣ್ಣ ಸೆಟ್ಟಿಂಗ್ ಬಗ್ಗೆ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಜಿಎ4ನಲ್ಲಿ ವಿವರವಾದ ಡೇಟಾ ಉಳಿಯುವ ಅವಧಿ ತಾನಾಗಿಯೇ 2 ತಿಂಗಳಿಗೆ ಇರುತ್ತದೆ. 14 ತಿಂಗಳು ಬೇಕು ಅಂದರೆ ನಾವೇ ಹೋಗಿ ಬದಲಿಸಬೇಕು. ಬದಲಿಸದೇ ಇದ್ದವರು ಮುಂದಿನ ವರ್ಷ ಎಕ್ಸ್‌ಪ್ಲೊರೇಶನ್ ಅನ್ನುವ ವಿವರವಾದ ರಿಪೋರ್ಟಿನಲ್ಲಿ ಹೋದ ವರ್ಷದ್ದನ್ನು ಹುಡುಕಿ ಬರಿಗೈಯಲ್ಲಿ ಬರುತ್ತಾರೆ.

ಇದರ ಜೊತೆಗೆ ಕೋರ್ಸ್‌ಗಳನ್ನೂ ಮಾಡಿದೆ. ಗೂಗಲ್‌ನ ಸ್ಕಿಲ್‌ಶಾಪ್, ಹಬ್‌ಸ್ಪಾಟ್ ಅಕಾಡೆಮಿ, ಎರಡೂ ಉಚಿತ. ಗೂಗಲ್‌ನ ಜಾಹೀರಾತು ಟೂಲ್ ಆದ ಗೂಗಲ್ ಆಡ್ಸ್‌ನ ಸರ್ಚ್ ಪರೀಕ್ಷೆಗೆ 80 ಪರ್ಸೆಂಟ್ ಬೇಕು, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಅದರಿಂದ ಸಿಕ್ಕಿದ್ದು ಪದಗಳ ಪರಿಚಯ. ಮೀಟಿಂಗಿನಲ್ಲಿ ಕೂತರೆ ಮಾತು ಅರ್ಥವಾಗುತ್ತದೆ, ಅಷ್ಟೆ. ಸರ್ಟಿಫಿಕೇಟ್ ನೋಡಿ ಯಾರೂ ನನಗೆ ಕೆಲಸ ಕೊಡಲಿಲ್ಲ.

ನಿಜವಾಗಿ ಕಲಿತದ್ದು ಒಂದು ಸ್ವಯಂಸೇವಾ ಸಂಸ್ಥೆಯ ಜೊತೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಒಂದು ಪುಟ್ಟ ಗುಂಪು ಅದು. ಅವರಿಗೆ ಓದುವವರೂ ಬೇಕಿತ್ತು, ಕೇಳುವವರೂ ಬೇಕಿತ್ತು. ಗೂಗಲ್ ಆಡ್ ಗ್ರಾಂಟ್ಸ್ ಅಂತ ಒಂದು ಯೋಜನೆ ಇದೆ. ಅರ್ಹ ಸೇವಾ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್‌ವರೆಗೆ ಸರ್ಚ್ ಜಾಹೀರಾತು (ಹುಡುಕಾಟದ ಫಲಿತಾಂಶಗಳ ಜೊತೆ ಕಾಣುವಂಥದ್ದು) ಉಚಿತವಾಗಿ ಕೊಡುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಂಗಳ ಇಲ್ಲ. ಯಾರ ಜೇಬೂ ಖಾಲಿಯಾಗುವುದಿಲ್ಲ, ಆದರೆ ಸುಮ್ನೆ ಆಟ ಆಡಲೂ ಬಿಡುವುದಿಲ್ಲ. ಖಾತೆಯ ಕ್ಲಿಕ್ ರೇಟ್ (ಜಾಹೀರಾತು ಕಂಡ ಸಲಗಳಲ್ಲಿ ಎಷ್ಟು ಪಾಲು ಕ್ಲಿಕ್ ಆಯಿತು ಅನ್ನುವುದು) 5 ಪರ್ಸೆಂಟ್‌ಗಿಂತ ಕೆಳಗೆ ಎರಡು ತಿಂಗಳು ಸತತವಾಗಿ ಇದ್ದರೆ ಖಾತೆ ನಿಲ್ಲಿಸಬಹುದು. ಕೆಲವು ವಿನಾಯಿತಿ ಬಿಟ್ಟರೆ ಒಂದೇ ಪದದ ಕೀವರ್ಡ್ ಹಾಕುವಂತಿಲ್ಲ. ಹಾಗಾಗಿ "ಪುಸ್ತಕ" ಅಂತ ಹಾಕಿ ಲೋಕಕ್ಕೆಲ್ಲ ತೋರಿಸಿಬಿಡೋಣ ಅನ್ನುವ ಸೋಮಾರಿತನಕ್ಕೆ ಅಲ್ಲಿ ಜಾಗವೇ ಇಲ್ಲ.

ಮೊದಲು ಎದುರಾದದ್ದು ಬರವಣಿಗೆ. ಸರ್ಚ್ ಜಾಹೀರಾತಿಗೆ 15 ಹೆಡ್‌ಲೈನ್‌ವರೆಗೆ ಕೊಡಬಹುದು, ಒಂದೊಂದೂ 30 ಕ್ಯಾರೆಕ್ಟರ್ ಒಳಗೆ. 4 ವಿವರಣೆ, ಒಂದೊಂದೂ 90 ಒಳಗೆ. ಗೂಗಲ್ ಅವನ್ನು ತನಗೆ ಬೇಕಾದ ಹಾಗೆ ಜೋಡಿಸಿ ತೋರಿಸುತ್ತದೆ. ಅಂದರೆ ಯಾವ ಹೆಡ್‌ಲೈನ್ ಯಾವುದರ ಪಕ್ಕ ಕೂತರೂ ಅರ್ಥ ಕೆಡಬಾರದು. ವರ್ಷಗಟ್ಟಲೆ ಸ್ಟೇಟಸ್ ರಿಪೋರ್ಟ್ ಬರೆದ ಕೈಗೆ ಇದು ಬೇರೆಯೇ ಲೋಕ. ರಿಪೋರ್ಟಿನ ವಾಕ್ಯ ಹೇಗಿರುತ್ತದೆ? ನಾಳೆ ಯಾರೂ ನಮ್ಮನ್ನು ಹಿಡಿಯಬಾರದು, ಹಾಗೆ. "ಬಹುತೇಕ ಮುಗಿದಿದೆ, ಕೆಲವು ಅಂಶಗಳು ಪರಿಶೀಲನೆಯಲ್ಲಿವೆ" ಅನ್ನುವ ತರಹ. ಜಾಹೀರಾತಿನ ಸಾಲು ಯಾರೋ ಒಬ್ಬರಿಗೆ ಏನೋ ಒಂದನ್ನು ಕೊಡುತ್ತೇನೆ ಅಂತ ನೇರವಾಗಿ ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಯಾರೂ ಕ್ಲಿಕ್ ಮಾಡುವುದಿಲ್ಲ.

ಆಮೇಲೆ ಸರ್ಚ್ ಟರ್ಮ್ಸ್ ರಿಪೋರ್ಟ್. ಜನ ನಿಜವಾಗಿ ಏನು ಟೈಪ್ ಮಾಡಿ ನಮ್ಮ ಜಾಹೀರಾತಿನ ಹತ್ತಿರ ಬಂದರು ಅನ್ನುವುದರ ಪಟ್ಟಿ ಅದು. ಈ ಇಡೀ ವೃತ್ತಿಯಲ್ಲಿ ನನಗೆ ಅತಿ ಇಷ್ಟವಾದ ಪುಟ. ಸಂಸ್ಥೆಯವರು ತಮ್ಮ ಬಗ್ಗೆ ಗಂಭೀರವಾಗಿ "ದೃಷ್ಟಿವಂಚಿತರಿಗೆ ಶ್ರವಣ ಸಾಹಿತ್ಯ ಸೇವೆ" ಅಂತ ಬರೆದುಕೊಂಡಿದ್ದರು. ಜನ ಟೈಪ್ ಮಾಡುತ್ತಿದ್ದದ್ದು ಅಮ್ಮನಿಗೆ ಕಣ್ಣು ಮಂಜಾಗಿದೆ, ಪುಸ್ತಕ ಕೇಳಿಸೋದು ಹೇಗೆ ಅಂತ. ಅವರಿಗೆ ಸಂಸ್ಥೆ ಬೇಕಿರಲಿಲ್ಲ, ಅಮ್ಮನ ಮಧ್ಯಾಹ್ನ ಕಳೆಯಬೇಕಿತ್ತು. ಜಾಹೀರಾತನ್ನು ಆ ಮಗಳಿಗೋ ಮಗನಿಗೋ ಬರೆದಾಗ ಕ್ಲಿಕ್ ರೇಟ್ ತಾನಾಗಿಯೇ 5 ದಾಟಿತು.

ಅದೇ ಪಟ್ಟಿಯಲ್ಲಿ ತಪ್ಪು ಜನರೂ ಇರುತ್ತಿದ್ದರು. ಓದುವ ಸ್ವಯಂಸೇವಕರು ಬೇಕು ಅಂತ ಹಾಕಿದ ಜಾಹೀರಾತಿಗೆ ಮನೆಯಿಂದಲೇ ವಾಯ್ಸ್ ಕೆಲಸ, ಡಬ್ಬಿಂಗ್ ಸಂಬಳ ಅಂತ ಹುಡುಕುವವರು ಬಂದು ಬೀಳುತ್ತಿದ್ದರು. ಅವರದೇನೂ ತಪ್ಪಿಲ್ಲ, ಅವರಿಗೆ ಬೇಕಾದದ್ದು ನಮ್ಮ ಹತ್ತಿರ ಇಲ್ಲ. ಆ ಪದಗಳನ್ನು ನೆಗೆಟಿವ್ ಕೀವರ್ಡ್ ಮಾಡುತ್ತಾ ಹೋದೆ, ಅಂದರೆ ಅವನ್ನು ಹುಡುಕಿದವರಿಗೆ ಜಾಹೀರಾತು ಕಾಣದ ಹಾಗೆ. ಹಳೆಯ ಕೆಲಸದಲ್ಲಿ ಸ್ಕೋಪ್‌ನಿಂದ ಏನು ಹೊರಗೆ ಅಂತ ಬರೆದಿಡುವ ರೂಢಿ ಇತ್ತಲ್ಲ, ಅದೇ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು.

ಕ್ಲಿಕ್ ಬಂದರೂ ಸ್ವಯಂಸೇವಕರು ನೋಂದಾಯಿಸಿಕೊಳ್ಳುತ್ತಿರಲಿಲ್ಲ. ಫಾರ್ಮ್ ತೆರೆದು ನೋಡಿದರೆ ವಿಳಾಸ, ಓದು, ಉದ್ಯೋಗ, ತುರ್ತು ಸಂಪರ್ಕ, ಎಲ್ಲ ಒಮ್ಮೆಗೇ ಕೇಳಿದ್ದರು. "ಇದೆಲ್ಲ ಮುಂದೆ ಬೇಕಾಗುತ್ತಲ್ಲಾ?" ಅಂದರು ಅಲ್ಲಿನ ಹಿರಿಯರು. "ಬೇಕಾಗುತ್ತೆ ಸರ್, ಬಂದಮೇಲೆ ಕೇಳೋಣ. ಈಗ ಬಾಗಿಲಲ್ಲೇ ನಿಲ್ಲಿಸ್ತಿದ್ದೀವಿ." ಹೆಸರು, ಫೋನ್, ಯಾವ ಭಾಷೆ ಓದಬಲ್ಲಿರಿ, ಇಷ್ಟಕ್ಕೆ ಇಳಿಸಿದ ಮೇಲೆ ಜನ ಬರಲು ಶುರು ಮಾಡಿದರು. ಜಾಹೀರಾತಿಗಿಂತ ಜಾಹೀರಾತು ಕರೆದುಕೊಂಡು ಹೋಗುವ ಪುಟವೇ ದೊಡ್ಡದು ಅನ್ನುವುದನ್ನು ಕೋರ್ಸಿನಲ್ಲೂ ಹೇಳುತ್ತಾರೆ. ಕಣ್ಣಾರೆ ನೋಡಿದ ಮೇಲೆ ಅದು ಮರೆಯುವುದಿಲ್ಲ.

ಈಗ ಕೆಲಸ ಹುಡುಕುವ ಭಾಗ. ಇದು ಬೇಸರದ ಭಾಗ, ಆದರೆ ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ. ನನ್ನ ರೆಸ್ಯೂಮೆಯಲ್ಲಿ ಸಂಯೋಜಿಸಿದೆ, ಮುನ್ನಡೆಸಿದೆ, ಸಮನ್ವಯ ಸಾಧಿಸಿದೆ ಇಂಥವೇ ತುಂಬಿದ್ದವು. ಇಂಟರ್ವ್ಯೂ ಮಾಡಿದವರು ಬಹುತೇಕ ಎಲ್ಲರೂ ಒಂದೇ ಪ್ರಶ್ನೆಗೆ ಬರುತ್ತಿದ್ದರು. "ಇದರಲ್ಲಿ ನೀವೇ ಮಾಡಿದ್ದು ಯಾವುದು? ಅದರಿಂದ ಯಾವ ನಂಬರ್ ಅಲುಗಾಡಿತು?" ಆಗ ಆ ಪುಟ್ಟ ಸಂಸ್ಥೆಯ ಖಾತೆ ನನ್ನನ್ನು ಕಾಪಾಡಿತು. ಸ್ಕ್ರೀನ್ ಶೇರ್ ಮಾಡಿ, ಮೊದಲು ಹೀಗಿತ್ತು, ಇದನ್ನು ಬದಲಿಸಿದೆ, ಆಮೇಲೆ ಹೀಗಾಯಿತು, ಇದು ಕೆಲಸ ಮಾಡಲಿಲ್ಲ ಅಂತ ತೋರಿಸುತ್ತಿದ್ದೆ. ದೊಡ್ಡ ದೊಡ್ಡ ಪ್ರೋಗ್ರಾಂಗಳ ಹೆಸರು ಕೇಳಿ ತಲೆ ಅಲ್ಲಾಡಿಸುತ್ತಿದ್ದವರು ಈ ಸಣ್ಣ ಖಾತೆ ನೋಡಿದಾಗ ಮುಂದಕ್ಕೆ ಬಾಗಿ ಪ್ರಶ್ನೆ ಕೇಳುತ್ತಿದ್ದರು.

ಒಂದು ಕಡೆ ಇಡೀ ಮೂರು ತಿಂಗಳ ಕ್ಯಾಂಪೇನ್ ಪ್ಲಾನ್ ಮಾಡಿಕೊಂಡು ಬನ್ನಿ ಅಂದರು. ಮಾಡಿ ಕಳಿಸಿದೆ. ಉತ್ತರವೇ ಬರಲಿಲ್ಲ. ಅದಾದಮೇಲೆ ಅಂಥ ಹೋಂವರ್ಕ್ ಕೊಟ್ಟವರಿಗೆ ಎರಡು ಪುಟ ಮೀರಿ ಬರೆಯಲಿಲ್ಲ. ಇನ್ನೊಂದು ಕಡೆ ನೇರವಾಗಿಯೇ ಕೇಳಿದರು, "ನೀವು ಇಷ್ಟು ಸೀನಿಯರ್. ಆರು ತಿಂಗಳಲ್ಲಿ ಬೇಜಾರಾಗಿ ಹೋಗಲ್ಲ ಅಂತ ಏನು ಗ್ಯಾರಂಟಿ?" ಸರಿಯಾದ ಪ್ರಶ್ನೆ. ಗ್ಯಾರಂಟಿ ಕೊಡಲು ಆಗುವುದಿಲ್ಲ ಅಂದೆ. ಅಲ್ಲೂ ಆಗಲಿಲ್ಲ.

ಯಾವ ಹುದ್ದೆಗೆ ಹೋಗಬೇಕು ಅನ್ನುವುದರಲ್ಲಿ ಎರಡು ದಾರಿ ಕಂಡವು. ಮಾರ್ಕೆಟಿಂಗ್ ಆಪರೇಶನ್ಸ್ ನಮ್ಮಂಥವರಿಗೆ ಸುಲಭದ ಬಾಗಿಲು. ಸಿಆರ್‌ಎಂ (ಗ್ರಾಹಕರ ವಿವರ ಇಡುವ ವ್ಯವಸ್ಥೆ), ಡೇಟಾ, ಟೂಲ್, ಕ್ಯಾಲೆಂಡರ್, ಎಲ್ಲ ಪರಿಚಿತ ಕೆಲಸ, ಸಂಬಳವೂ ಅಷ್ಟೊಂದು ಇಳಿಯುವುದಿಲ್ಲ. ಆದರೆ ಹುಷಾರಾಗಿ ಜಾಬ್ ಡಿಸ್ಕ್ರಿಪ್ಶನ್ ಓದಬೇಕು. ಕೆಲವು ಕಡೆ ಅದು ಮಾರ್ಕೆಟಿಂಗ್ ತಂಡದೊಳಗೆ ಕೂತು ಮಾಡುವ ಹಳೆಯ ಫಾಲೋಅಪ್ ಕೆಲಸವೇ. ಎರಡನೆಯದು ಕ್ಯಾಂಪೇನ್ ಮ್ಯಾನೇಜರ್. ಒಂದು ಬಜೆಟ್ ನಿಮ್ಮ ಕೈಯಲ್ಲಿರುತ್ತದೆ, ಅದು ಏನು ತಂದಿತು ಅಂತ ನೀವೇ ಹೇಳಬೇಕು. ನಾನು ಎರಡನೆಯದನ್ನು ಹಿಡಿದೆ. ಹುದ್ದೆಯ ಹೆಸರು ಒಂದು ಮೆಟ್ಟಿಲು ಕೆಳಗೆ, ಸಂಬಳ ಅದಕ್ಕಿಂತ ಜಾಸ್ತಿ ಕೆಳಗೆ. ಮೊದಲೇ ಲೆಕ್ಕ ಹಾಕಿ ಕೂಡಿಟ್ಟಿದ್ದರಿಂದ ಉಸಿರು ಕಟ್ಟಲಿಲ್ಲ.

ಸಂಬಳಕ್ಕಿಂತ ಕಾಡಿದ್ದು ಬೇರೆ. ಮುಂಚೆ ದೊಡ್ಡವರ ಮೀಟಿಂಗಿಗೆಲ್ಲ ನನಗೆ ಕರೆ ಇರುತ್ತಿತ್ತು. ಕಂಪನಿಯಲ್ಲಿ ಏನಾಗುತ್ತಿದೆ ಅನ್ನುವುದು ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಈಗ ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರಾದ ಒಬ್ಬರಿಗೆ ರಿಪೋರ್ಟ್ ಮಾಡುತ್ತಿದ್ದೆ. ಅವರು ಮೊದಮೊದಲು ನನ್ನ ಕೆಲಸ ತಿದ್ದಲು ಸಂಕೋಚ ಪಡುತ್ತಿದ್ದರು. "ನೀವು ಹೇಳ್ದೇ ಇದ್ರೆ ನಾನು ಕಲಿಯೋದು ಹೇಗೆ? ಕೆಂಪು ಗೆರೆ ಎಳೀರಿ" ಅಂತ ನಾನೇ ಹೇಳಬೇಕಾಯಿತು. ಆಮೇಲೆ ಎಳೆದರು, ಧಾರಾಳವಾಗಿ.

ಹೊಸ ಕೆಲಸದಲ್ಲಿ ತಲೆ ಕೆಡಿಸಿದ್ದು ಸಂಖ್ಯೆಗಳ ಜಗಳ. ಒಂದು ಉದಾಹರಣೆ ಹೇಳುತ್ತೇನೆ. ಒಂದು ವಾರದಲ್ಲಿ ಸಿಆರ್‌ಎಂಗೆ 60 ಹೊಸ ಲೀಡ್ (ಆಸಕ್ತಿ ತೋರಿಸಿ ವಿವರ ಕೊಟ್ಟವರು) ಬಂದಿವೆ ಅಂದುಕೊಳ್ಳಿ. ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಂ) ಜಾಹೀರಾತು ಖಾತೆ ತೆರೆದರೆ 40 ನನ್ನಿಂದ ಬಂದದ್ದು ಅನ್ನುತ್ತದೆ. ಗೂಗಲ್ ಆಡ್ಸ್ 35 ನನ್ನದು ಅನ್ನುತ್ತದೆ. ಜಿಎ4 ಮೂರನೇ ಲೆಕ್ಕ ಹೇಳುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬೆಳಿಗ್ಗೆ ಮೆಟಾದಲ್ಲಿ ಜಾಹೀರಾತು ಕ್ಲಿಕ್ ಮಾಡಿ, ನಾಲ್ಕು ದಿನ ಬಿಟ್ಟು ಗೂಗಲ್‌ನಲ್ಲಿ ಹುಡುಕಿ ಬಂದಿರುತ್ತಾರೆ. ಇಬ್ಬರೂ ಆ ಒಬ್ಬರನ್ನೇ ಎಣಿಸುತ್ತಾರೆ. ಮೆಟಾದ ಮಾಮೂಲಿ ಲೆಕ್ಕದಲ್ಲಿ ಕ್ಲಿಕ್ ಆದ 7 ದಿನದೊಳಗೆ, ಬರೀ ನೋಡಿದ್ದರೆ 1 ದಿನದೊಳಗೆ ಬಂದವರು ಅದರವರು. ಗೂಗಲ್ ಆಡ್ಸ್‌ನಲ್ಲಿ ಸಾಮಾನ್ಯವಾಗಿ ಕ್ಲಿಕ್ ಆದ 30 ದಿನದೊಳಗೆ. ಇದರ ಮೇಲೆ 2021ರ ಏಪ್ರಿಲ್‌ನಲ್ಲಿ ಐಒಎಸ್ 14.5 ಬಂದಾಗಿನಿಂದ ಐಫೋನ್‌ನಲ್ಲಿ ಆಪ್‌ಗಳು ಟ್ರ್ಯಾಕ್ ಮಾಡಲು ಅನುಮತಿ ಕೇಳಬೇಕು. ಬಹಳ ಜನ ಬೇಡ ಅನ್ನುತ್ತಾರೆ. ಹಾಗಾಗಿ ಆ ಸಂಖ್ಯೆಗಳಲ್ಲಿ ಒಂದಷ್ಟು ಅಂದಾಜೇ.

ಪ್ರೋಗ್ರಾಂ ಮ್ಯಾನೇಜರ್‌ಗೆ ಇದು ಸಹಿಸಲಾಗದ ಸ್ಥಿತಿ. ಒಂದು ವಿಷಯಕ್ಕೆ ಒಂದೇ ಸತ್ಯ ಇರಬೇಕು, ಅದು ಒಂದೇ ಶೀಟಿನಲ್ಲಿ ಇರಬೇಕು ಅಂತ ಬೆಳೆದವರು ನಾವು. ಮೂರನ್ನೂ ತಾಳೆ ಹಾಕಲು ಕೂರುವ ಆಸೆ ಬಲವಾಗಿತ್ತು. ನಮ್ಮ ತಂಡದ ಹಳಬರೊಬ್ಬರು ಒಂದೇ ಮಾತಿನಲ್ಲಿ ಬಿಡಿಸಿದರು. "ತಾಳೆ ಆಗಲ್ಲ, ಬಿಡಿ. ಎಷ್ಟು ಬಂತು ಅಂತ ಸಿಆರ್‌ಎಂ ಕೇಳಿ. ಯಾವ ಕಡೆ ವಾಲ್ತಿದೆ ಅಂತ ಮಾತ್ರ ಮೆಟಾ, ಗೂಗಲ್ ಕೇಳಿ." ಈಗಲೂ ನನ್ನ ವಾರದ ರಿಪೋರ್ಟ್ ಇದೇ ನಿಯಮದ ಮೇಲೆ ನಡೆಯುತ್ತದೆ. ಮೇಲ್ ಓಪನ್ ರೇಟನ್ನಂತೂ ರಿಪೋರ್ಟಿನಿಂದಲೇ ತೆಗೆದುಬಿಟ್ಟೆ. 2021ರ ಸೆಪ್ಟೆಂಬರ್‌ನಿಂದ ಆಪಲ್ ಮೇಲ್, ಅದರ ಗೌಪ್ಯತೆ ಸೆಟ್ಟಿಂಗ್ ಆನ್ ಇದ್ದರೆ, ಬಳಕೆದಾರ ಓದಲಿ ಬಿಡಲಿ ಚಿತ್ರಗಳನ್ನು ತಾನೇ ಮುಂಚೆ ಇಳಿಸಿಕೊಳ್ಳುತ್ತದೆ. ಮೇಲ್ ತೆರೆದದ್ದನ್ನು ಎಣಿಸುವುದೇ ಅದರೊಳಗಿನ ಚಿತ್ರ ಇಳಿದಾಗ, ಹಾಗಾಗಿ ಲೆಕ್ಕದಲ್ಲಿ ಮೇಲ್ ತೆರೆದ ಹಾಗೆ ಕಾಣುತ್ತದೆ. ಕ್ಲಿಕ್, ಉತ್ತರ, ಇವನ್ನು ಮಾತ್ರ ನಂಬುತ್ತೇನೆ.

ಇದಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಹಳೆಯ ಕೆಲಸದಲ್ಲಿ ಕೆಂಪು ಕಂಡರೆ ತಕ್ಷಣ ಎದ್ದು ಓಡಬೇಕು. ಕರೆ ಮಾಡು, ಮೀಟಿಂಗ್ ಹಾಕು, ಯಾರನ್ನಾದರೂ ಸೇರಿಸು. ಇಲ್ಲಿ ಹಾಗಲ್ಲ. ಮೆಟಾದಲ್ಲಿ ಹೊಸ ಆಡ್ ಸೆಟ್ (ಜಾಹೀರಾತುಗಳ ಒಂದು ಗುಂಪು) ಶುರು ಮಾಡಿದರೆ, ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವ ಹಂತದಲ್ಲಿ ಅದು ಇರುತ್ತದೆ. ವಾರದಲ್ಲಿ ಸುಮಾರು 50 ಫಲಿತಾಂಶ ಬಂದರೆ ಆ ಹಂತ ದಾಟುತ್ತದೆ. ಅಷ್ಟರೊಳಗೆ ಬಜೆಟನ್ನೋ ಆಡಿಯನ್ಸನ್ನೋ ಜೋರಾಗಿ ಬದಲಿಸಿದರೆ ಮತ್ತೆ ಮೊದಲಿನಿಂದ ಶುರು. ಮೊದಲ ದಿನಗಳಲ್ಲಿ ಒಂದು ಲೀಡಿನ ಖರ್ಚು ನೋಡಿದರೆ ಎದೆ ಝಲ್ ಅನ್ನುತ್ತದೆ. ಏನಾದರೂ ಮಾಡಬೇಕು ಅಂತ ಬೆರಳು ತುರಿಸುತ್ತದೆ. ಸಸಿ ನೆಟ್ಟವರು ಬೇರು ಬಿಟ್ಟಿತೇ ಅಂತ ದಿನಾ ಕಿತ್ತು ನೋಡಿದ ಹಾಗೆ. ನಾನು ಕೊನೆಗೆ ಕಂಡುಕೊಂಡ ಉಪಾಯ ಹಳೆಯ ವೃತ್ತಿಯದೇ. ಕ್ಯಾಂಪೇನ್ ಶುರುವಾಗುವ ಮುಂಚೆಯೇ ಬರೆದಿಡುತ್ತೇನೆ. ಯಾವ ದಿನ ನೋಡುತ್ತೇನೆ, ಯಾವ ಸಂಖ್ಯೆ ನೋಡುತ್ತೇನೆ, ಎಷ್ಟಿದ್ದರೆ ನಿಲ್ಲಿಸುತ್ತೇನೆ. ಆ ದಿನದವರೆಗೆ, ಏನಾದರೂ ಮುರಿದು ಬಿದ್ದಿದೆಯೇ ಅಂತ ನೋಡುವುದು ಬಿಟ್ಟರೆ, ಕೈ ಹಾಕುವುದಿಲ್ಲ.

ಎರಡು ರೂಪಗಳನ್ನು ಒಟ್ಟಿಗೆ ನಡೆಸಿ ಯಾವುದು ಮೇಲು ಅಂತ ನೋಡುವ ಎ/ಬಿ ಟೆಸ್ಟಿಗೂ ಇದೇ. ಮಧ್ಯೆ ಮಧ್ಯೆ ಇಣುಕಿ, ಗೆದ್ದಂತೆ ಕಂಡ ಗಳಿಗೆಯಲ್ಲಿ ನಿಲ್ಲಿಸಿದರೆ, ಎರಡರಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಒಂದು ಗೆದ್ದಂತೆ ಕಾಣುವ ಸಾಧ್ಯತೆ ಬಹಳ. ಮುಗಿಸುವ ತಾರೀಖನ್ನು ಮೊದಲೇ ಗೊತ್ತು ಮಾಡಿ ಅದಕ್ಕೆ ಅಂಟಿಕೊಳ್ಳುವುದು ನಮ್ಮಂಥವರಿಗೆ ರಕ್ತದಲ್ಲೇ ಇದೆ. ಕ್ರಿಯೇಟಿವ್ ಜನರ ನಡುವೆ ಇದೊಂದು ಸಣ್ಣ ಹೆಚ್ಚುಗಾರಿಕೆ, ಅಲ್ವಾ?

ಹಳೆಯ ಕೆಲಸದಿಂದ ಬಂದದ್ದರಲ್ಲಿ ನಿಜವಾಗಿ ಬೆಲೆ ಬಾಳಿದ್ದು ಮಾತ್ರ ಬೇರೆ. ಬೇರೆ ತಂಡದವರಿಂದ ಕೆಲಸ ಮಾಡಿಸಿಕೊಳ್ಳುವುದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಹೊಸ ನಿಯಮ ತಂದವು. ರಾಶಿ ರಾಶಿ ಮೇಲ್ ಕಳಿಸುವವರು ಮೇಲ್ ನಿಜವಾಗಿ ತಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹೊಂದಿಸಿರಬೇಕು. ಒಂದೇ ಕ್ಲಿಕ್ಕಿನಲ್ಲಿ ಅನ್‌ಸಬ್‌ಸ್ಕ್ರೈಬ್ ಆಗಬೇಕು. ಸ್ಪ್ಯಾಮ್ ದೂರು 0.3 ಪರ್ಸೆಂಟ್ ಮುಟ್ಟಬಾರದು. ಇಲ್ಲದಿದ್ದರೆ ಮೇಲ್ ಸ್ಪ್ಯಾಮಿಗೆ ಬೀಳಬಹುದು, ವಾಪಸ್ಸೂ ಬರಬಹುದು. ಇದಕ್ಕೆ ಬೇಕಾದ ಡಿಎನ್‌ಎಸ್ (ಸೈಟಿನ ಹೆಸರಿಗೆ ಸೇರಿದ ದಾಖಲೆಗಳು) ಬದಲಾವಣೆ ಐಟಿ ವಿಭಾಗದ ಕೈಯಲ್ಲಿ. ಮಾರ್ಕೆಟಿಂಗ್‌ನವರು ಟಿಕೆಟ್ ಹಾಕಿ ಹಾಕಿ ಸುಸ್ತಾಗಿದ್ದರು. ಐಟಿಯವರಿಗೆ ಇದು ನೂರರಲ್ಲಿ ಒಂದು ಟಿಕೆಟ್. ನಾನು ಹೋಗಿ ಅವರ ಪಕ್ಕ ಕೂತು, ನಮ್ಮ ಹೆಸರಿನಲ್ಲಿ ಯಾವ ಯಾವ ಟೂಲ್ ಮೇಲ್ ಕಳಿಸುತ್ತಿದೆ ಅಂತ ಪಟ್ಟಿ ಮಾಡಿದೆ. ಬಿಲ್ ಕಳಿಸುವ ಟೂಲ್, ಸಪೋರ್ಟ್ ಟೂಲ್, ನೇಮಕಾತಿಯವರದು, ನಮ್ಮದು. ನಿಯಮ ಎಲ್ಲರಿಗೂ ತಟ್ಟುತ್ತದೆ, ಬಿಲ್ ಕೂಡ ಗ್ರಾಹಕರಿಗೆ ಹೋಗದೇ ಇರಬಹುದು ಅಂತ ತೋರಿಸಿದ ಮೇಲೆ ಅದು ಬರೀ ಮಾರ್ಕೆಟಿಂಗ್‌ನವರ ಕಿರಿಕಿರಿಯಾಗಿ ಉಳಿಯಲಿಲ್ಲ. ಗಡುವಿಗೆ ಮುಂಚೆಯೇ ಮುಗಿಯಿತು. ನನ್ನ ಯಾವ ಜಾಹೀರಾತಿಗಿಂತ ಇದಕ್ಕೇ ತಂಡದಲ್ಲಿ ಹೆಸರು ಬಂತು.

ಹಾಗೆಯೇ ಅನುಮೋದನೆ. ಒಂದು ಪುಟ್ಟ ಬ್ಯಾನರ್‌ಗೆ ಎಂಟು ಜನ ಅಭಿಪ್ರಾಯ ಕೊಡುತ್ತಿದ್ದರು. ಕೊನೆಗೆ ಉಳಿಯುತ್ತಿದ್ದದ್ದು ಯಾರಿಗೂ ಬೇಸರವಾಗದ, ಯಾರಿಗೂ ಇಷ್ಟವೂ ಆಗದ ಸಾಲು. ಪ್ರತಿ ಕ್ಯಾಂಪೇನಿಗೂ ಹೌದು-ಇಲ್ಲ ಹೇಳುವವರು ಒಬ್ಬರೇ, ಉಳಿದವರು ಗುರುವಾರದೊಳಗೆ ಹೇಳಿದರೆ ಕೇಳುತ್ತೇವೆ ಅಂತ ಬರೆದಿಟ್ಟೆ. ಯುಟಿಎಂ, ಅಂದರೆ ಜನ ಎಲ್ಲಿಂದ ಬಂದರು ಅಂತ ತಿಳಿಯಲು ಲಿಂಕಿನ ತುದಿಗೆ ಸೇರಿಸುವ ಗುರುತು, ಅದರ ಹೆಸರುಗಳಿಗೂ ಒಂದು ಶೀಟ್. ಒಬ್ಬರು ಇಂಗ್ಲಿಷಿನಲ್ಲಿ ಫೇಸ್‌ಬುಕ್ ಅನ್ನುವುದನ್ನು ದೊಡ್ಡಕ್ಷರದಲ್ಲಿ ಶುರು ಮಾಡಿ ಬರೆದು, ಇನ್ನೊಬ್ಬರು ಪೂರ್ತಿ ಚಿಕ್ಕಕ್ಷರದಲ್ಲಿ ಬರೆದರೆ ಅನಲಿಟಿಕ್ಸ್ ಅವನ್ನು ಎರಡು ಬೇರೆ ಮೂಲ ಅಂತ ತೋರಿಸುತ್ತದೆ. ಎಲ್ಲವೂ ಚಿಕ್ಕಕ್ಷರ, ಖಾಲಿ ಜಾಗದ ಬದಲು ಅಡ್ಡಗೆರೆ. ಇಂಥ ನೀರಸ ಕೆಲಸ ಮಾಡುವವರು ಮಾರ್ಕೆಟಿಂಗ್‌ನಲ್ಲಿ ಕಡಿಮೆ. ಆದ್ದರಿಂದ ಮಾಡಿದವರಿಗೆ ಜಾಗ ಇದೆ.

ಇನ್ನೂ ಬಾರದ ಸಂಗತಿಗಳಿವೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ಯಾವುದು ಕಣ್ಣು ಹಿಡಿಯುತ್ತೆ ಅಂದರೆ ನನ್ನ ಊಹೆ ಪದೇಪದೇ ತಪ್ಪುತ್ತದೆ. ಅದಕ್ಕೆ ಡಿಸೈನರ್ ಮಾತನ್ನು ಕೇಳುತ್ತೇನೆ, ಇಲ್ಲವೇ ಟೆಸ್ಟ್ ಹಾಕುತ್ತೇನೆ. ಸಂಬಳ ಹಳೆಯ ಮಟ್ಟಕ್ಕೆ ಇನ್ನೂ ಪೂರ್ತಿ ಬಂದಿಲ್ಲ.

ಸದ್ಯಕ್ಕೆ ತಂಡದಲ್ಲಿ ನಡೆಯುತ್ತಿರುವ ಚರ್ಚೆ ಹುಡುಕಾಟದ ಬಗ್ಗೆ. 2024ರ ಮೇ ತಿಂಗಳಿಂದ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲೇ ಎಐ ಬರೆದ ಉತ್ತರಗಳನ್ನು ತೋರಿಸಲು ಶುರು ಮಾಡಿತು, ಆಮೇಲೆ ಹೆಚ್ಚು ಹೆಚ್ಚು ದೇಶಗಳಿಗೆ ತಂದಿತು. ಉತ್ತರ ಅಲ್ಲೇ ಸಿಕ್ಕರೆ ಜನ ನಮ್ಮ ಪುಟಕ್ಕೆ ಯಾಕೆ ಬರಬೇಕು? ಹುಡುಕಾಟದಲ್ಲಿ ನಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಕ್ಲಿಕ್ ಆಯಿತು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ನಮ್ಮ ಕೆಲವು ಲೇಖನಗಳು ಕಾಣಿಸಿಕೊಳ್ಳುವುದು ಅಷ್ಟೇ ಇದೆ, ಕ್ಲಿಕ್ ಮಾತ್ರ ಇಳಿದಿದೆ. ಅಲ್ಲಿ 16 ತಿಂಗಳ ಡೇಟಾ ಮಾತ್ರ ಸಿಗುವುದರಿಂದ ಹಳೆಯದನ್ನು ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳುತ್ತಿದ್ದೇನೆ. "ಏನಿದು" ಅನ್ನುವ ಪ್ರಶ್ನೆಗೆ ಬರೆದ ಪುಟಗಳನ್ನು ಬಿಟ್ಟು, "ಇವೆರಡರಲ್ಲಿ ಯಾವುದು ತಗೊಳ್ಳಲಿ" ಅಂತ ಕೇಳುವವರಿಗೆ ಬರೆಯೋಣ ಅನ್ನುವುದು ನನ್ನ ವಾದ. ಮ್ಯಾನೇಜರ್ ಇನ್ನೂ ಒಪ್ಪಿಲ್ಲ. ಮೊದಲು ಹತ್ತು ಪುಟಕ್ಕೆ ಮಾಡಿ ನೋಡಿ, ಏನನ್ನು ಅಳೆಯುತ್ತೀರಿ ಅಂತ ಬರೆದುಕೊಡಿ ಅಂದಿದ್ದಾರೆ. ಆ ಶೀಟ್ ತಯಾರಾಗುತ್ತಿದೆ.